ಶುಕ್ರವಾರದ ಮೂಗು

ಬ್ಯಾಟರಿಯೊಂದು ಹೊತ್ತಿಕೊಳ್ಳುವ ನಲವತ್ತು ನಿಮಿಷ ಮೊದಲೇ ತನಗೆ ಮೈ ಸರಿಯಿಲ್ಲವೆಂದು ಕೂಗಿ ಹೇಳುವಂತಿದ್ದರೆ? ಈ ಒಂದು ಪ್ರಶ್ನೆಗೆ ನನ್ನ ಆಯುಷ್ಯದ ಹನ್ನೊಂದು ವರ್ಷ ಕೊಟ್ಟಿದ್ದೇನೆ. ಉತ್ತರವೂ ಸಿಕ್ಕಿತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕಪ್ಪು ಡಬ್ಬಿ, ಅದಕ್ಕೆ ಎರಡು ರಂಧ್ರ, ಹಿಂದೆ ಒಂದು ಪುಟ್ಟ ಹಾರನ್. ಜನ ಅದಕ್ಕೆ ಮೂಗು ಎಂದು ಹೆಸರಿಟ್ಟರು. ಆಮೇಲೆ ಅದರ ಎರಡೂ ರಂಧ್ರಕ್ಕೆ ಹತ್ತಿ ತುರುಕಿದರು.

ಮೂಗಿನ ಕೆಲಸ ಸರಳ. ಲಿಥಿಯಂ ಬ್ಯಾಟರಿಯೊಳಗಿನ ಸೆಲ್ ಒಂದು ಕೆಡತೊಡಗಿದಾಗ ಕೂಡಲೇ ಬೆಂಕಿ ಬರುವುದಿಲ್ಲ. ಮೊದಲು ಅದು ಒಳಗೊಳಗೇ ಬಿಸಿಯಾಗಿ ಊದಿಕೊಳ್ಳುತ್ತದೆ. ಅದರೊಳಗಿನ ದ್ರಾವಣ ಆವಿಯಾಗಿ ಕೂದಲೆಳೆಯಷ್ಟು ಸಂದಿಯಿಂದ ಹೊರಬರುತ್ತದೆ. ಆ ಆವಿಗೆ ಒಂದು ಬಗೆಯ ಸಿಹಿ ವಾಸನೆ. ನಮ್ಮ ನಿಮ್ಮ ಮೂಗಿಗೆ ಅದು ಹತ್ತುವುದಿಲ್ಲ, ಡಬ್ಬಿಗೆ ಹತ್ತುತ್ತದೆ. ಹತ್ತಿದ ಕೂಡಲೇ ಹಾರನ್ ಕೂಗುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ, ಗಾಡಿಯಿಂದ ಇಳಿದು ದೂರ ಹೋಗಲು ಜನರಿಗೆ ನಲವತ್ತು ನಿಮಿಷ ಸಿಗುತ್ತದೆ. ಒಂದು ಸೆಲ್ ಹೊತ್ತಿಕೊಂಡ ಮೇಲೆ ಪಕ್ಕದ್ದು, ಅದರ ಪಕ್ಕದ್ದು ಎಂದು ಇಡೀ ಪ್ಯಾಕು ಉರಿಯಲು ಎರಡು ನಿಮಿಷವೂ ಬೇಡ. ಆ ಬೆಂಕಿಯನ್ನು ಮಣ್ಣು ಹಾಕಿ ಮುಚ್ಚಲಾಗುವುದಿಲ್ಲ, ಯಾಕೆಂದರೆ ಅದಕ್ಕೆ ಹೊರಗಿನ ಗಾಳಿಯ ಹಂಗಿಲ್ಲ. ಹಾಗಾಗಿ ಆ ನಲವತ್ತು ನಿಮಿಷವೇ ಎಲ್ಲ.

ಎರಡು ವರ್ಷದ ಹಿಂದೆ ಕಾನೂನು ಬಂತು: ಮೂಗಿಲ್ಲದ ವಿದ್ಯುತ್ ಗಾಡಿ ರಸ್ತೆಗಿಳಿಯಕೂಡದು. ತುಮಕೂರಿನ ಹೊರಗೆ, ವಸಂತನರಸಾಪುರದ ನಮ್ಮ ಕಾರ್ಖಾನೆ ದಿನಕ್ಕೆ ನೂರಾರು ಮೂಗು ತಯಾರಿಸತೊಡಗಿತು. ಅಲ್ಲಿನ ಪರೀಕ್ಷಾ ವಿಭಾಗದ ಮುಖ್ಯಸ್ಥೆ ನಾನು, ಸರ್ವಮಂಗಳ.

ತೊಂದರೆ ಶುರುವಾದದ್ದು ಹಲಸಿನಿಂದ. ಮಾಗಿದ ಹಲಸಿನ ಘಮವೂ ಕೆಟ್ಟ ಬ್ಯಾಟರಿಯ ಆವಿಯೂ ರಸಾಯನಶಾಸ್ತ್ರದ ಲೆಕ್ಕದಲ್ಲಿ ದೂರದ ನೆಂಟರು. ಚೇಳೂರಿನ ಸಂತೆಗೆ ಹಣ್ಣು ಬರುವ ಕಾಲದಲ್ಲಿ ಒಂದು ಆಟೊದಲ್ಲಿ ಹಲಸು ಹೇರಿದರೆ ಆ ಬೀದಿಯ ಮೂಗುಗಳೆಲ್ಲ ಒಟ್ಟಿಗೆ ಅಳುತ್ತಿದ್ದವು. ಮದುವೆ ಮನೆ ಮುಂದೆ ಅತ್ತರು ಹಾಕಿಕೊಂಡವರು ಇಳಿದರೆ ಅಳು, ಹೆಣ್ಣುಮಕ್ಕಳು ಉಗುರುಬಣ್ಣ ಒರೆಸಿದರೆ ಅಳು. ಮೂಗಿನ ಚುರುಕು ಸ್ವಲ್ಪ ಕಡಿಮೆ ಮಾಡಿ ಎಂದು ಮಾರಾಟದವರು ದುಂಬಾಲು ಬಿದ್ದರು. ಚುರುಕು ಕಡಿಮೆ ಮಾಡಿದರೆ ನಲವತ್ತು ನಿಮಿಷ ಹತ್ತಾಗುತ್ತದೆ ಎಂದು ನಾನು ಹಟ ಹಿಡಿದೆ. ನನ್ನ ಹಟ ಗೆದ್ದಿತು. ಜನ ಹತ್ತಿಯ ಉಂಡೆ ಕೊಂಡರು.

ನನಗೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಆಟೊದ ಮೂಗಿನಲ್ಲಿ ಬಿಳಿ ಹತ್ತಿ ಕಂಡರೆ ಇಳಿದು ಹೋಗಿ ಜಗಳ ತೆಗೆಯುತ್ತಿದ್ದೆ. ಹೆಣದ ಮೂಗಿಗೆ ಇಡುವುದನ್ನು ಬದುಕಿರುವ ಗಾಡಿಗೆ ಇಟ್ಟಿದ್ದೀಯಲ್ಲಪ್ಪ ಎಂದು ಒಬ್ಬನಿಗೆ ಬೈದದ್ದೂ ಉಂಟು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಾಡಿ ಹೊರಡಿಸಿಕೊಂಡು ಹೋಗಿಬಿಟ್ಟ.

ಇದರ ಜೊತೆಗೆ ಇನ್ನೊಂದು ಕಿರಿಕಿರಿ. ಪ್ರತಿ ಮೂಗಿನ ಬೆನ್ನಿಗೆ ಅದು ತಯಾರಾದ ವಾರದ ಅಂಕಿ ಇರುತ್ತದೆ. ಸೋಮವಾರಕ್ಕೆ ಒಂದು, ಶುಕ್ರವಾರಕ್ಕೆ ಐದು. ಐದರ ಮೂಗು ಸುಮ್ಮಸುಮ್ಮನೆ ಅಳುವುದಿಲ್ಲ ಎಂಬ ಸುದ್ದಿ ಹೇಗೋ ಹಬ್ಬಿತು. ಶುಕ್ರವಾರ ಲಕ್ಷ್ಮಿಯ ದಿನ, ಅವತ್ತು ಕಾರ್ಖಾನೆಯಲ್ಲಿ ಪೂಜೆ ಆಗುತ್ತದೆ, ಅದಕ್ಕೇ ಆ ಮೂಗು ಮರ್ಯಾದಸ್ಥ ಎಂದು ಆಟೊದವರು ಮಾತಾಡಿಕೊಂಡರು. ಅಂಗಡಿಗಳಲ್ಲಿ ಐದರದ್ದನ್ನೇ ಕೇಳಿ ಪಡೆಯತೊಡಗಿದರು. ಮಾರಾಟ ವಿಭಾಗದವರು ಶುಕ್ರವಾರ ಎರಡು ಪಾಳಿ ನಡೆಸಬಹುದೇ ಎಂದು ನನಗೆ ಪತ್ರ ಬರೆದರು. ನಾನು ಆ ಪತ್ರವನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ನಕ್ಕೆ, ಅಷ್ಟೇ. ಹೌದೋ ಅಲ್ಲವೋ ಎಂದು ಒಂದು ಸಲವೂ ಅಳೆದು ನೋಡಲಿಲ್ಲ. ವಿಜ್ಞಾನ ಓದಿದವಳು ಮಾಡಬಾರದ ಕೆಲಸ ಅದು, ಈಗ ಹೇಳಿ ಏನು ಬಂತು.

*

ಗಂಗಹನುಮಯ್ಯ ನಮ್ಮ ಕಾರ್ಖಾನೆಯ ಗೇಟಿನ ಮುಂದೆ ಕೂರತೊಡಗಿ ಅವತ್ತಿಗೆ ಒಂಬತ್ತು ದಿನವಾಗಿತ್ತು. ಐವತ್ತು ದಾಟಿದ ಆಳು, ತುಮಕೂರಿನ ಬಟವಾಡಿಯ ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಆಟೊ ಓಡಿಸಿದವನು. ಹಿಂದಿನ ತಿಂಗಳು ಅವನ ವಿದ್ಯುತ್ ಆಟೊ ಹಾಡುಹಗಲೇ ಹೊತ್ತಿ ಉರಿದಿತ್ತು. ಹಿಂದೆ ಕೂತಿದ್ದ ಹೆಂಗಸನ್ನು ಎಳೆದು ಹಾಕುವಷ್ಟರಲ್ಲಿ ಆಕೆಯ ಕಾಲು ಸುಟ್ಟಿತು, ಇವನ ಬಲಗೈ ಮೊಣಕೈವರೆಗೆ ಬೆಂದಿತು.

ಸುಟ್ಟ ಗಾಡಿಯ ಮೂಗು ಪರೀಕ್ಷೆಗೆ ನನ್ನ ಮೇಜಿಗೆ ಬಂದಿತ್ತು. ಕರಗಿ ವಕ್ರವಾಗಿದ್ದ ಡಬ್ಬಿಯ ರಂಧ್ರದೊಳಗೆ ಸೂಕ್ಷ್ಮದರ್ಶಕದಲ್ಲಿ ಹತ್ತಿಯ ನಾರು ಕಂಡಿತು. ನನಗೆ ಬೇರೇನೂ ಬೇಕಿರಲಿಲ್ಲ. ‘ಚಾಲಕನೇ ಮೂಗಿನ ರಂಧ್ರವನ್ನು ಹತ್ತಿಯಿಂದ ಮುಚ್ಚಿದ್ದರಿಂದ ಮುನ್ಸೂಚನೆ ದೊರೆತಿಲ್ಲ’ ಎಂದು ವರದಿ ಬರೆದು ಸಹಿ ಹಾಕಿದೆ. ಕಾಲು ಗಂಟೆಯೂ ಹಿಡಿಯಲಿಲ್ಲ. ಆ ವರದಿಯ ಮೇಲೆ ಅವನ ಪರ್ಮಿಟ್ ರದ್ದಾಯಿತು.

ಒಂಬತ್ತನೆಯ ದಿನ ಸೆಕ್ಯೂರಿಟಿಯವನು ಬೇಡವೆಂದರೂ ಅವನು ನನ್ನ ಸ್ಕೂಟರಿಗೆ ಅಡ್ಡ ನಿಂತ.

“ಅಮ್ಮಾವ್ರೆ, ನಾನು ಹತ್ತಿ ಇಟ್ಟಿರಲಿಲ್ಲ.”

“ಹತ್ತಿ ನಾನೇ ನೋಡಿದೀನಿ ಗಂಗಹನುಮಯ್ಯ. ಕಣ್ಣಾರೆ.”

“ಅದು ನನ್ನ ಟವೆಲ್ಲು ಕಣಮ್ಮ. ಹೊಗೆ ಬಂದ ತಕ್ಷಣ ಹೆಗಲ ಮೇಲಿದ್ದ ಟವೆಲ್ ತಗಂಡು ಆ ಮೂಗಿನ ಹತ್ರಕ್ಕೇ ಒತ್ತಿದೆ. ಆರ್ತದೇನೋ ಅಂತ. ಕೈ ಹೆಂಗೆ ಸುಟ್ಟೋಯ್ತು ಅನ್ಕಂಡಿದೀರ?” ಅವನು ಬಟ್ಟೆ ಸುತ್ತಿದ ಕೈಯನ್ನು ಮುಂದೆ ಚಾಚಿದ. “ಪೊಲೀಸರ ಹತ್ರನೂ ಹೇಳ್ದೆ. ಯಾರೂ ಬರ್ಕಳ್ಳಿಲ್ಲ.”

“ಹಂಗಾದ್ರೆ ಮೂಗು ಯಾಕೆ ಅಳಲಿಲ್ಲ?”

“ಅದನ್ನ ನೀವು ಹೇಳ್ಬೇಕು. ಮೂಗು ಮಾಡಿರೋರು ನೀವು.”

ಅವನ ಮಾತಿನಲ್ಲಿ ಜೋರಿರಲಿಲ್ಲ. ಗಾಡಿ ಹೋದರೆ ಹೋಗಲಿ, ಕೂಲಿ ಮಾಡಿಯಾದರೂ ಬದುಕುತ್ತೇನೆ ಎಂದ. ಆದರೆ ಸ್ಟ್ಯಾಂಡಿನಲ್ಲಿ ಯಾರೂ ಅವನ ಜೊತೆ ಮಾತಾಡುತ್ತಿಲ್ಲವಂತೆ. ಹತ್ತಿ ಇಟ್ಟು, ಪ್ಯಾಸೆಂಜರನ್ನು ಸುಟ್ಟು, ಈಗ ಸುಳ್ಳು ಹೇಳುತ್ತಿದ್ದಾನೆ ಎಂದು ಅವನು ಚಹಾ ಕುಡಿಯಲು ಹೋದರೆ ಎದ್ದು ಹೋಗುತ್ತಾರಂತೆ. “ಇಪ್ಪತ್ತೆರಡು ವರ್ಷ ಅಮ್ಮ. ಒಂದು ದಿನ ಒಬ್ಬರತ್ರ ಮಾತು ಕೇಳಿಸ್ಕಂಡೋನಲ್ಲ. ನಾನು ಇಟ್ಟಿರಲಿಲ್ಲ ಅಂತ ಒಂದು ಗೆರೆ ಬರ್ಕೊಡಿ ಸಾಕು.”

“ಎಲ್ಲಾರೂ ಹಿಂಗೇ ಹೇಳ್ತಾರೆ” ಎಂದು ನಾನು ಸ್ಕೂಟರ್ ತಿರುಗಿಸಿಕೊಂಡು ಹೋದೆ. ಈಗ ನೆನೆಸಿಕೊಂಡರೆ ಮುಖ ಎತ್ತುವುದು ಕಷ್ಟ.

*

ನಮ್ಮ ಮನೆಯಲ್ಲಿ ಮೂಗಿನ ಅಭಿಮಾನಿ ಎಂದರೆ ನಮ್ಮತ್ತೆ ಬಸಮ್ಮಣ್ಣಿ. ಕಿವಿ ಮಂದ, ಮಾತು ಚುರುಕು. ನನ್ನ ಸ್ಕೂಟರನ್ನು ಚಾರ್ಜಿಗೆ ಹಾಕುವುದು ಅವರ ಕೋಣೆಯ ಕಿಟಕಿಯ ಕೆಳಗೆ. ಕಾನೂನು ಬಂದ ಹೊಸತರಲ್ಲಿ, ಮನೆಗೊಂದು ಮೂಗು ತರುತ್ತಿದ್ದೇನೆ ಎಂದಾಗ ಅವರು, “ತರೋದು ತರ್ತೀಯ, ಶುಕ್ರವಾರದ್ದೇ ತಾ. ಪೂಜೆ ಆಗಿರೋದು ತಾ” ಎಂದಿದ್ದರು. ಒಂದು ಮೂಗಿಗಾಗಿ ಅತ್ತೆಯ ಹತ್ತಿರ ವಾದ ಯಾಕೆ ಎಂದು ಐದರದ್ದನ್ನೇ ತಂದು ಹಾಕಿದ್ದೆ.

ಆ ಭಾನುವಾರ ಬೆಳಿಗ್ಗೆ ಎದುರು ಮನೆಯವರು ಗುಬ್ಬಿ ಕಡೆಯ ನೆಂಟರ ತೋಟದಿಂದ ನಾಲ್ಕು ಹಲಸಿನ ಹಣ್ಣು ತಂದು ನಮಗೊಂದು ಕೊಟ್ಟರು. ಅತ್ತೆ ಜಗಲಿಯ ಮೇಲೆ ಗೋಣಿ ಹಾಸಿ, ಕೈಗೆ ಎಣ್ಣೆ ಸವರಿಕೊಂಡು ಹಣ್ಣು ಸೀಳಿದರು. ಸೀಳಿದ್ದೇ ತಡ, ಎದುರು ಮನೆಯ ಕಾರು ಅಳತೊಡಗಿತು. ಅದರ ಪಕ್ಕದ ಮನೆಯ ಎರಡು ಸ್ಕೂಟರ್ ದನಿಗೂಡಿಸಿದವು. ಮೂಲೆಮನೆಯ ಮೇಷ್ಟರು ಹೊರಗೆ ಬಂದು, “ಬಸಮ್ಮಣ್ಣಿಯೋರೆ, ಹಣ್ಣು ಒಳಗೆ ತಗಂಡೋಗಿ ಕುಯ್ಯಬಾರದೆ?” ಎಂದು ಕೂಗಿದರು.

ಅತ್ತೆಗೆ ಕೂಗು ಕೇಳಿಸಲಿಲ್ಲ, ಗದ್ದಲ ಮಾತ್ರ ಕೇಳಿಸಿತು. ಅವರು ಪಕ್ಕದಲ್ಲೇ ನಿಂತಿದ್ದ ನನ್ನ ಸ್ಕೂಟರಿನ ಸೀಟನ್ನು ಮೊಣಕೈಯಿಂದ ತಟ್ಟಿ ಹೇಳಿದರು:

“ನೋಡು, ನಮ್ಮನೇದು ಎಷ್ಟು ಮರ್ಯಾದಸ್ಥ. ಊರೆಲ್ಲ ಬಾಯಿ ಬಡ್ಕೊಂಡ್ರೂ ಇದು ತುಟಿ ಪಿಟಕ್ ಅನ್ನಲ್ಲ. ಶುಕ್ರವಾರದ್ದು ಅಂದ್ರೆ ಸುಮ್ನೇನಾ?”

ನಾನು ತೊಳೆ ಬಾಯಿಗಿಡಲು ಹೋದವಳು ಹಾಗೇ ನಿಂತೆ. ಹಣ್ಣಿಗೂ ನಮ್ಮ ಮೂಗಿಗೂ ಎರಡು ಅಡಿ ಅಂತರ. ಎದುರು ಮನೆಯ ಕಾರು ಮೂವತ್ತು ಅಡಿ ದೂರದಲ್ಲಿತ್ತು. ಅದು ಅಳುತ್ತಿದೆ, ಇದು ಸುಮ್ಮನಿದೆ. ನಾನು ಹೋಗಿ ತೊಳೆಯನ್ನು ಮೂಗಿನ ರಂಧ್ರಕ್ಕೆ ತಾಗುವಂತೆ ಹಿಡಿದೆ. ಒಂದು ನಿಮಿಷ, ಎರಡು ನಿಮಿಷ. ಏನೂ ಇಲ್ಲ.

“ಅದಕ್ಕೂ ತಿನ್ನಿಸ್ತೀಯೇನೆ?” ಎಂದು ಅತ್ತೆ ನಕ್ಕರು.

ನನಗೆ ನಗು ಬರಲಿಲ್ಲ. ಆ ಕಿಟಕಿಯ ಕೆಳಗೆ ಎರಡು ವರ್ಷದಿಂದ ಚಾರ್ಜಾಗುತ್ತಿರುವ ಬ್ಯಾಟರಿ, ಕಿಟಕಿಯ ಆಚೆ ಕಿವಿ ಕೇಳದ ಮುದುಕಿ. ನಡುವೆ ಇದ್ದದ್ದು ನಾನು ಮಾಡಿದ ಮೂಗು, ಅದಕ್ಕೆ ವಾಸನೆಯೇ ಹತ್ತುತ್ತಿಲ್ಲ. ಸ್ಕೂಟರನ್ನು ತಳ್ಳಿಕೊಂಡು ಹೋಗಿ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ನಿಲ್ಲಿಸಿ ಬಂದೆ. ಗಂಗಹನುಮಯ್ಯನ ಡಬ್ಬಿಯ ಬೆನ್ನು ನೆನಪಾಯಿತು. ಕರಗಿದ ಪ್ಲಾಸ್ಟಿಕ್ಕಿನ ಮೇಲೆ ಒಂದೇ ಒಂದು ಅಂಕಿ ಓದುವಂತಿತ್ತು, ಅದು ಐದು.

*

ಸೋಮವಾರ ಬೆಳಿಗ್ಗೆ ನಾನು ಗೋದಾಮಿನಿಂದ ಐದು ಬುಧವಾರದ ಮೂಗು, ಐದು ಶುಕ್ರವಾರದ ಮೂಗು ತರಿಸಿದೆ. ನಮ್ಮಲ್ಲಿ ಸುಡುವ ಕೋಣೆ ಎಂದೇ ಕರೆಯುವ ಕಾಂಕ್ರೀಟ್ ಕೋಣೆಯೊಂದಿದೆ. ಅದರೊಳಗೆ ಒಂದು ಬ್ಯಾಟರಿ ಪ್ಯಾಕ್ ಇಟ್ಟು, ಹತ್ತೂ ಮೂಗನ್ನು ಒಂದೇ ದೂರದಲ್ಲಿ ಜೋಡಿಸಿ, ಒಂದು ಸೆಲ್ಲಿನ ಕೆಳಗೆ ಹೀಟರ್ ಹಚ್ಚಿದೆ. ದಪ್ಪ ಗಾಜಿನ ಈಚೆಗೆ ಗಡಿಯಾರ ಹಿಡಿದು ಕೂತೆ. ಜೊತೆಗೆ ಜೋಡಣೆ ವಿಭಾಗದ ತ್ರಿವೇಣಿ ಇದ್ದಳು.

ಇಪ್ಪತ್ತನೆಯ ನಿಮಿಷಕ್ಕೆ ಬುಧವಾರದ ಮೊದಲ ಮೂಗು ಅತ್ತಿತು. ಇನ್ನು ನಾಲ್ಕು ನಿಮಿಷದಲ್ಲಿ ಬುಧವಾರದವು ಐದೂ ಅಳುತ್ತಿದ್ದವು. ಶುಕ್ರವಾರದವು ಮರ್ಯಾದೆಯಿಂದ ಕೂತಿದ್ದವು. ಅರ್ಧ ಗಂಟೆ ಕಳೆಯಿತು. ಸೆಲ್ ಊದಿಕೊಂಡು ಪ್ಯಾಕಿನ ಮುಚ್ಚಳ ಉಬ್ಬಿತು. “ಮೇಡಂ, ಈಗಾದ್ರೂ…” ಎಂದು ತ್ರಿವೇಣಿ ನನ್ನ ತೋಳು ಹಿಡಿದಳು. ಅರವತ್ತನೆಯ ನಿಮಿಷಕ್ಕೆ ಬಿಳಿ ಹೊಗೆ ನುಗ್ಗಿದಾಗ ಶುಕ್ರವಾರದ ಎರಡು ಮೂಗು ಕೂಗಿದವು. ಇನ್ನು ಮೂರು ಕೂಗುವಷ್ಟರಲ್ಲಿ ಕೋಣೆಯೊಳಗೆ ಬೆಂಕಿ ಇತ್ತು.

ಯಾಕೆ ಎಂಬುದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಮೂಗಿಗೆ ಮೊದಲ ಸಲ ಜೀವ ಬಂದಾಗ ಅದು ಹತ್ತು ನಿಮಿಷ ಸುತ್ತಲಿನ ಗಾಳಿಯನ್ನು ಮೂಸಿ, ‘ಇದು ಶುದ್ಧ ಗಾಳಿ, ಇದೇ ಸೊನ್ನೆ’ ಎಂದು ಕಲಿಯುತ್ತದೆ. ಅದಕ್ಕಿಂತ ಹೆಚ್ಚಾದದ್ದನ್ನು ಮಾತ್ರ ವಾಸನೆ ಎಂದು ತಿಳಿಯುತ್ತದೆ. ಈ ಪಾಠ ಹೇಳಿಕೊಡುವ ಮೇಜು ಧೂಳು ಬರದಂತೆ ಮುಚ್ಚಿದ ಎಸಿ ಕೋಣೆಯಲ್ಲಿದೆ. ಆ ಮೇಜಿನ ನೇರ ಮೇಲೆ ಲಕ್ಷ್ಮಿಯ ಪಟ ಇದೆ. ಪ್ರತಿ ಶುಕ್ರವಾರ ಒಂಬತ್ತು ಗಂಟೆಗೆ ಪೂಜೆ, ಊದಿನಕಡ್ಡಿಯ ಒಂದು ಇಡೀ ಕಟ್ಟು, ಮೇಲೆ ಸಾಂಬ್ರಾಣಿ. ಒಂಬತ್ತೂಕಾಲಿಗೆ ಮೂಗುಗಳ ಪಾಠ ಶುರು. ಊದಿನಕಡ್ಡಿಗೆ ಹಾಕುವ ಸುಗಂಧದ ಎಣ್ಣೆಯೂ ಬ್ಯಾಟರಿಯ ಆವಿಯ ನೆಂಟನೇ. ಶುಕ್ರವಾರದ ಮೂಗಿಗೆ ಆ ಘಮವೇ ಸೊನ್ನೆ. ಕೊನೆಯ ತಪಾಸಣೆಯಲ್ಲಿ ನಾವು ದ್ರಾವಣದ ಬಾಟಲಿಯನ್ನೇ ಹತ್ತಿರ ಹಿಡಿಯುತ್ತಿದ್ದೆವು. ಅಷ್ಟು ಗಾಢವಾಗಿದ್ದರೆ ಅದೂ ಅಳುತ್ತಿತ್ತು, ಹಾಗಾಗಿ ಎಲ್ಲವೂ ಪಾಸು.

ಧೂಳು, ಡೀಸೆಲ್ ಹೊಗೆ, ಚರಂಡಿ, ಸುಣ್ಣ, ಸಗಣಿ ಎಲ್ಲದರ ಎದುರು ಮೂಗನ್ನು ಪರೀಕ್ಷಿಸಿದ್ದೆ. ನಮ್ಮದೇ ಊದಿನಕಡ್ಡಿ ಯಾರ ತಲೆಗೂ ಹೊಳೆದಿರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ನನಗೆ ಪೂಜೆ ಪುನಸ್ಕಾರದಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಆದರೂ ವಿಭಾಗದಲ್ಲಿ ನಾನೇ ಹಿರಿಯಳು, “ಮೇಡಂ ನೀವೇ ಹಚ್ಚಿ” ಎಂದು ಹುಡುಗಿಯರು ಪ್ರೀತಿಯಿಂದ ಕೊಟ್ಟಾಗ ಇಲ್ಲವೆನ್ನಲಾಗುತ್ತಿರಲಿಲ್ಲ. ಎರಡು ವರ್ಷದ ಎಲ್ಲ ಶುಕ್ರವಾರಗಳಲ್ಲೂ ಆ ಕಡ್ಡಿ ಹಚ್ಚಿದ ಕೈ ನನ್ನದು. ಗಂಗಹನುಮಯ್ಯನೇ ಹತ್ತಿ ಇಟ್ಟ ಎಂದು ಬರೆದ ಕೈಯೂ ಅದೇ.

*

ನಿರ್ದೇಶಕ ಚಂದ್ರಮೌಳಿ ಪೂರ್ತಿ ಕೇಳಿಸಿಕೊಂಡರು. ಅದೊಂದು ಗುಣ ಅವರಲ್ಲಿದೆ. ಕೇಳಿಸಿಕೊಳ್ಳುತ್ತಾರೆ.

“ಅಂದರೆ ಊದಿನಕಡ್ಡಿಯಿಂದ ಬೆಂಕಿ ಬಿತ್ತು ಅಂತೀರಾ?”

“ಬೆಂಕಿ ಬ್ಯಾಟರಿಯಿಂದಲೇ ಬಿತ್ತು ಸಾರ್. ಮೂಗು ಅಳದೇ ಇದ್ದದ್ದು ಊದಿನಕಡ್ಡಿಯಿಂದ.”

“ಪೂಜೆ ನಿಲ್ಲಿಸಿದರೆ ಹುಡುಗೀರು ಬೇಜಾರು ಮಾಡ್ಕೋತಾರಲ್ರಿ.”

“ನಿಲ್ಲಿಸೋದು ಬೇಡ. ಪಟಾನ ಗೇಟಿನ ಹತ್ರ ಇಡೋಣ. ಹುಡುಗೀರಿಗೆ ಹೇಳಾಯ್ತು, ಅವರೇ ಒಪ್ಪಿದಾರೆ.”

“ಹಂಗಾದ್ರೆ ಮುಗೀತಲ್ಲ” ಎಂದು ಅವರು ಕುರ್ಚಿಗೆ ಒರಗಿದರು.

“ಮುಗಿದಿಲ್ಲ. ಹೊರಗೆ ಓಡಾಡ್ತಿರೋ ಶುಕ್ರವಾರದ ಮೂಗುಗಳು ಹನ್ನೊಂದು ಸಾವಿರ. ಎಲ್ಲಾನೂ ವಾಪಸ್ ತರಿಸಬೇಕು. ಆ ಡ್ರೈವರ್ ಮೇಲೆ ನಾನು ಬರೆದ ವರದೀನೂ ತಪ್ಪು.”

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. “ಸರ್ವಮಂಗಳ, ಜನ ಇಷ್ಟಪಟ್ಟು ಕೇಳಿ ತಗೊಂಡಿರೋ ಮಾಲು ಅದು. ಅದೇ ಕೆಟ್ಟದ್ದು ಅಂದ್ರೆ ಬೇರೆ ದಿನದ್ದನ್ನ ಯಾರು ನಂಬ್ತಾರೆ? ಒಂದು ಸಮಿತಿ ಮಾಡೋಣ.”

ಸಮಿತಿ ಆಯಿತು. ಅದರಲ್ಲಿ ಆರು ಜನ. ಮೊದಲ ಸಭೆಗೆ ಇಬ್ಬರು ಬರಲಿಲ್ಲ, ಎರಡನೆಯದಕ್ಕೆ ನಾಲ್ವರು. ಮೂರನೆಯದರಲ್ಲಿ ಒಬ್ಬರು, ಹತ್ತೇ ಮೂಗಿನ ಪರೀಕ್ಷೆ ಸಾಲದು, ನೂರರ ಮೇಲೆ ಮಾಡಿ ಎಂದರು. ನೂರರ ಮೇಲೆ ಮಾಡಿದೆ. ಫಲಿತಾಂಶದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆಗ ಅವರು ಬೇಸಿಗೆಯಲ್ಲಿ ಮಾಡಿದ್ದೀರಿ, ಚಳಿಗಾಲದಲ್ಲೂ ಮಾಡಿ ಎಂದರು. ನನ್ನ ತಾಳ್ಮೆಯ ಕಟ್ಟೆ ಒಡೆದು ಏನೇನೋ ಅಂದೆ. ಅದನ್ನು ನಡಾವಳಿಯಲ್ಲಿ ‘ಸದಸ್ಯರು ವಿಷಯವನ್ನು ವಿವರವಾಗಿ ಚರ್ಚಿಸಿದರು’ ಎಂದು ಬರೆದುಕೊಂಡರು.

ಇತ್ತ, ಸುಟ್ಟ ಡಬ್ಬಿಯ ನಾರನ್ನು ಮತ್ತೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ, ಅದು ಉಂಡೆಯ ಹತ್ತಿಯಲ್ಲ, ನೇಯ್ದ ಬಟ್ಟೆಯ ನೂಲು. ನನ್ನ ವರದಿ ತಪ್ಪು, ಚಾಲಕ ನಿರ್ದೋಷಿ ಎಂದು ಪರ್ಮಿಟ್ಟಿನ ಕಚೇರಿಗೆ ಪತ್ರ ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು: ಸದರಿ ಕಡತವು ಮುಕ್ತಾಯಗೊಂಡಿರುವುದರಿಂದ ತಮ್ಮ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ. ಕಡತ ಮುಕ್ತಾಯಗೊಂಡದ್ದು ನನ್ನ ಸಹಿಯಿಂದ, ಅದನ್ನು ತೆರೆಯಲು ಮಾತ್ರ ನನ್ನ ಸಹಿ ಸಾಲದು.

ಒಂದು ತಿಂಗಳ ಮೇಲೆ ಸಮಿತಿಯ ಫಲವೂ ಹೊರಬಿತ್ತು. ಎಲ್ಲ ಅಂಗಡಿಗಳಿಗೂ ಹೋದ ಸುತ್ತೋಲೆ: ‘ಗ್ರಾಹಕರು ವಾಹನದ ಬಳಿ ಮಾಗಿದ ಹಲಸಿನ ಹಣ್ಣನ್ನು ಇಡಬಾರದು. ಇಟ್ಟು ಮೂಗಿಗೆ ತೊಂದರೆಯಾದಲ್ಲಿ ಕಂಪನಿ ಜವಾಬ್ದಾರಿಯಲ್ಲ.’

ಅದನ್ನು ಮನೆಗೆ ತಂದು ಅತ್ತೆಯ ಮುಂದೆ ಓದಿದೆ. ಅವರು ಬಟಾಣಿ ಬಿಡಿಸುತ್ತಿದ್ದರು. ಹಲಸು ಸೀಳಿದ ಮರುದಿನ ನಾನು ಸ್ಕೂಟರಿನ ಮೂಗು ಕಿತ್ತು ಬುಧವಾರದ್ದನ್ನು ಹಾಕಿದಾಗಿನಿಂದ ಅವರು ನನ್ನ ಮೇಲೆ ಮುನಿಸಿಕೊಂಡಿದ್ದರು, ಹೊಸ ಮೂಗು ದಿನಕ್ಕೆ ಎರಡು ಸಲ ಅಳುತ್ತಿತ್ತು. ಪೂರ್ತಿ ಕಥೆಯನ್ನು ಅವರ ಕಿವಿಯ ಹತ್ತಿರ ಕೂಗಿ ಹೇಳಿದ್ದು ಅವತ್ತೇ.

ಅವರು ಬಟಾಣಿ ಬಿಡಿಸುವುದನ್ನು ನಿಲ್ಲಿಸಿದರು. ಆಮೇಲೆ, “ಆ ಮನುಷ್ಯನಿಗೆ ಹೇಳಿದೆಯಾ?” ಎಂದರು.

“ಯಾರಿಗೆ?”

“ಕೈ ಸುಟ್ಕೊಂಡೋನಿಗೆ. ಕಚೇರಿಗೆ ಬರೆದೆ, ಸಮಿತಿಗೆ ಹೇಳಿದೆ, ನನ್ನ ಕಿವೀಲಿ ಕೂಗಿದೆ. ಅವನಿಗೆ ಹೇಳಿದೆಯಾ?”

ಹೇಳಿರಲಿಲ್ಲ. ಪರ್ಮಿಟ್ ಕೈಗೆ ಬಂದ ಮೇಲೆ ಹೋಗಿ ಹೇಳೋಣ ಎಂದುಕೊಂಡಿದ್ದೆ. ಬರಿಗೈಲಿ ಹೋಗಲು ನಾಚಿಕೆ.

“ಕಾಗದಕ್ಕೆ ಕಾಯ್ತಾ ಕೂತ್ರೆ ನೀನೂ ಅವರ ಹಂಗೇ ಆಯ್ತು” ಎಂದು ಅತ್ತೆ ಬಟಾಣಿ ಸಿಪ್ಪೆಯನ್ನು ಒತ್ತಟ್ಟಿಗೆ ಸರಿಸಿದರು. “ಹೋಗೋವಾಗ ಒಂದು ಹಣ್ಣು ತಗೊಂಡು ಹೋಗು. ಬರಿಗೈಲಿ ಹೋಗಬೇಡ.”

ಅವರು ಹೇಳಿದ್ದು ಮರ್ಯಾದೆಗೆ. ನನಗೆ ಹೊಳೆದದ್ದು ಬೇರೆ. ಹನ್ನೊಂದು ಸಾವಿರ ಮೂಗನ್ನು ಪರೀಕ್ಷಿಸಲು ಸುಡುವ ಕೋಣೆ ಬೇಕಾಗಿಲ್ಲ. ಹಲಸಿನ ಒಂದು ತೊಳೆ ಸಾಕು. ಅಂಕಿ ಅಳಿಸಿಹೋಗಿದ್ದರೂ ಪರವಾಗಿಲ್ಲ. ಅತ್ತರೆ ಒಳ್ಳೆಯದು, ಸುಮ್ಮನಿದ್ದರೆ ಕಿತ್ತು ಹಾಕಬೇಕು. ಕಂಪನಿ ಯಾವುದನ್ನು ಹತ್ತಿರ ಇಡಬೇಡಿ ಎಂದಿತ್ತೋ ಅದೇ.

*

ಗಂಗಹನುಮಯ್ಯನ ಮನೆ ಹುಡುಕಿಕೊಂಡು ಹೋಗಿ ಬಾಗಿಲಲ್ಲೇ ನಿಂತು ಹೇಳಿದೆ. ತಪ್ಪು ನನ್ನದು, ನಿನ್ನ ಟವೆಲ್ ಮಾತು ನಿಜ, ಪರ್ಮಿಟ್ ಕೊಡಿಸಲು ನನ್ನ ಕೈಲಿ ಇನ್ನೂ ಆಗಿಲ್ಲ ಎಂದೆ. ಅವನು ಬೈಯಬಹುದು ಎಂದು ತಯಾರಾಗಿ ಹೋಗಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಬರ್ದಿದೀರಾ?” ಎಂದ. ಕಚೇರಿಗೆ ಕಳಿಸಿದ ಪತ್ರದ ನಕಲನ್ನು ಕೊಟ್ಟೆ. ಎಡಗೈಯಲ್ಲಿ ಹಿಡಿದುಕೊಂಡು ಒಂದೊಂದೇ ಅಕ್ಷರ ಓದಿದ. ಮಡಿಸಿ ನನಗೇ ವಾಪಸ್ ಕೊಟ್ಟು, “ನಾನು ಓದಿದ್ರೆ ಏನಾತದಮ್ಮ? ಸ್ಟ್ಯಾಂಡಿಗೆ ಬನ್ನಿ” ಎಂದ.

ಬಟವಾಡಿಯ ಸ್ಟ್ಯಾಂಡಿನಲ್ಲಿ ಸಂಜೆ ಐದರ ಹೊತ್ತಿಗೆ ಮೂವತ್ತು ಆಟೊ ಇದ್ದವು, ಬೆಂಕಿಯ ಸುದ್ದಿಗೆ ಹೆದರಿ ಎಲ್ಲರೂ ಹತ್ತಿ ಕಿತ್ತಿದ್ದರು. ಗಂಗಹನುಮಯ್ಯನನ್ನು ಕಂಡು ಚಹಾ ಕುಡಿಯುತ್ತಿದ್ದ ನಾಲ್ಕೈದು ಜನ ಬೆನ್ನು ತಿರುಗಿಸಿದರು. ನಾನು ಪತ್ರ ತೆಗೆದು ಜೋರಾಗಿ ಓದಿದೆ. ‘ಮೂಗಿನ ರಂಧ್ರದಲ್ಲಿದ್ದ ನಾರು ಬೆಂಕಿ ಆರಿಸಲು ಚಾಲಕರು ಬಳಸಿದ ಟವೆಲಿನದು. ಅವರು ಹತ್ತಿ ಇಟ್ಟಿರಲಿಲ್ಲ. ದೋಷ ಮೂಗಿನದು ಮತ್ತು ಅದನ್ನು ಪರೀಕ್ಷಿಸಿದ ನನ್ನದು.’

ಬೆನ್ನು ತಿರುಗಿಸಿದ್ದವರಲ್ಲಿ ಒಬ್ಬ ಮಾತ್ರ ತಿರುಗಿ ನಿಂತ. ಅವನು ಕೆಂಪರಾಜು, ಸ್ಟ್ಯಾಂಡಿನಲ್ಲಿ ಅವನ ಮಾತೇ ಕೊನೆ. “ಮೂಗಿನ ದೋಷ ಅಂದ್ರೆ ಏನ್ ಮೇಡಂ? ನಮ್ಮವೆಲ್ಲ ನೆಟ್ಟಗವೆ” ಎಂದ.

ನಾನು ಚೀಲದಿಂದ ಹಣ್ಣು ತೆಗೆದೆ. ಅತ್ತೆ ಮೊದಲೇ ಸೀಳಿ ಕೊಟ್ಟಿದ್ದರು. ಬಾಳೆ ಎಲೆ ಬಿಚ್ಚಿದ್ದೇ ತಡ, ಮೊದಲ ಆಟೊ ಅತ್ತಿತು, ಎರಡನೆಯದು ಅತ್ತಿತು, ಗಾಳಿ ಬೀಸಿದ ಕಡೆಗೆಲ್ಲ ಸಾಲಿಗೆ ಸಾಲೇ ಕೂಗತೊಡಗಿತು. ಎರಡು ವರ್ಷದಿಂದ ಎಲ್ಲರ ಬೈಗುಳ ತಿಂದ ಆ ಸದ್ದು ಕೇಳಿ ನನಗೆ ಅಳುವೇ ಬಂತು. ಆದರೆ ಅದರ ನಡುವೆ ಹದಿಮೂರು ಆಟೊ ಸುಮ್ಮನೆ ನಿಂತಿದ್ದವು. ಕೆಂಪರಾಜುವಿನದೂ ಒಂದು. ಹಿಂದಿನ ಸೀಟಿನಲ್ಲಿ ತರಕಾರಿ ಚೀಲ ತೊಡೆಯ ಮೇಲಿಟ್ಟುಕೊಂಡು ಒಬ್ಬ ಹೆಂಗಸು ಬಾಡಿಗೆ ಹೊರಡಲು ಕಾಯುತ್ತಿದ್ದಳು.

ಕೆಂಪರಾಜು ತನ್ನ ಗಾಡಿಯ ಟಾಪಿನ ಮೇಲೆ ಕೈಯಿಟ್ಟು ನಕ್ಕ. “ನೋಡ್ರಪ್ಪೋ, ಐದರ ಮೂಗು! ಎಷ್ಟು ಮರ್ಯಾದೆಯಿಂದ ಕುಂತೈತೆ!”

ಸುಮ್ಮನಿದ್ದ ಗಾಡಿಗಳವರೆಲ್ಲ ನಕ್ಕರು. ನಾನು ಊದಿನಕಡ್ಡಿ, ಸೊನ್ನೆ, ನಲವತ್ತು ನಿಮಿಷ ಎಂದು ವಿವರಿಸಲು ಹೋದೆ. ಹದಿನೇಳು ಹಾರನ್ನಿನ ನಡುವೆ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದವರೂ, ಪೂಜೆ ಮಾಡಿದ್ದೇ ತಪ್ಪು ಅಂತಾಳಲ್ಲ ಈಯಮ್ಮ ಎಂದು ಮುಖ ಮುಖ ನೋಡಿಕೊಂಡರು. ಹನ್ನೊಂದು ವರ್ಷದ ವಿದ್ಯೆ ಬಾಯಲ್ಲೇ ಉಳಿಯಿತು. ಒಂದು ತೊಳೆಯನ್ನು ಕೈಯಲ್ಲಿ ಹಿಡಿದುಕೊಂಡು ಪೆಚ್ಚಾಗಿ ನಿಂತೆ.

ಗಂಗಹನುಮಯ್ಯ ಅವರ ನಡುವೆ ಹೋದ. ಕೈಗೆ ಸುತ್ತಿದ್ದ ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ವಾಸಿಯಾಗುತ್ತಿದ್ದವು. ಆ ಕೈಯನ್ನು ಕೆಂಪರಾಜುವಿನ ಆಟೊದ ಮೂಗಿನ ಪಕ್ಕದಲ್ಲಿಟ್ಟ.

“ನಂದೂ ಐದರದ್ದೇ ಕಣೋ ಕೆಂಪರಾಜು” ಎಂದ. “ಭಾಳ ಮರ್ಯಾದಸ್ಥ. ಕೊನೇವರ್ಗೂ ತುಟಿ ಪಿಟಕ್ ಅನ್ನಲಿಲ್ಲ.”

ಹಾರನ್ನುಗಳು ಕೂಗುತ್ತಲೇ ಇದ್ದವು. ಕೆಂಪರಾಜು ಆ ಕೈಯನ್ನು ನೋಡಿದ, ಮೂಗನ್ನು ನೋಡಿದ. ಆಮೇಲೆ ಬಗ್ಗಿ, ಹಿಂದೆ ಕೂತಿದ್ದ ಹೆಂಗಸಿಗೆ, “ಇಳ್ಕಳಿ ಅಮ್ಮ, ಬೇರೆ ಆಟೊ ಮಾಡ್ಕೊಡ್ತೀನಿ” ಎಂದ. ಅವಳು ತರಕಾರಿ ಚೀಲ ಎತ್ತಿಕೊಂಡು ಗೊಣಗುತ್ತ ಇಳಿದಳು. ಅವನು ಸೀಟಿನ ಕೆಳಗೆ ಕೈ ಹಾಕಿ ಸ್ಕ್ರೂಡ್ರೈವರ್ ಹುಡುಕತೊಡಗಿದ.